ತಿರುಮಣಿಯ ಚೀಟಿ

ಹಾಳಾದ ಚೀಟಿಗಳು ಐದು ಎಂದೇ ನನ್ನ ನೆನಪು. ಅಮ್ಮ ನಾಲ್ಕು ಎನ್ನುತ್ತಾಳೆ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವವಳಲ್ಲ. ಆದರೂ ಆ ಇನ್ನೊಂದು ಚೀಟಿ ನನ್ನನ್ನು ಬಿಡುತ್ತಿಲ್ಲ.

ಅಕ್ಕನ ಮದುವೆಯ ವರ್ಷ. ನಾನು ಮಧುಗಿರಿಯಲ್ಲಿ ಡಿಗ್ರಿ ಓದುತ್ತಿದ್ದೆ, ಸಿ ಭಾಷೆ ಕಲಿತ ಹುರುಪಿನಲ್ಲಿದ್ದೆ. ಲಗ್ನಪತ್ರಿಕೆಗೆ ಅಂಟಿಸುವ ಹೆಸರಿನ ಚೀಟಿಗಳನ್ನು ಪ್ರೋಗ್ರಾಂ ಬರೆದು ತೆಗೆದುಕೊಡುತ್ತೇನೆ ಎಂದೆ. ಅಪ್ಪನ ನೋಟ್‌ಬುಕ್ಕಿನ ಪಟ್ಟಿಯನ್ನು ಕಾಲೇಜಿನ ಲ್ಯಾಬಿನಲ್ಲಿ ಟೈಪ್ ಮಾಡಿದೆ. ಹೆಸರಿನ ಬಾಲಕ್ಕೆ ಊರನ್ನು ಜೋಡಿಸುವುದು ಸ್ಟ್ರ್‌ಕ್ಯಾಟ್ ಎಂಬ ಆದೇಶದ ಕೆಲಸ. ಮೊದಲ ಪದ ಎಲ್ಲಿ ಮುಗಿಯಿತೆಂದು ನೋಡಿ ಅದು ಎರಡನೆಯದನ್ನು ಅಲ್ಲಿಂದ ಬರೆಯುತ್ತಾ ಹೋಗುತ್ತದೆ. ಜಾಗ ಸಾಲುತ್ತದೆಯೇ ಎಂದು ಕೇಳುವುದಿಲ್ಲ.

ಒಂದೊಂದು ಹೆಸರಿಗೂ ನಲವತ್ತು ಬೈಟ್ ಜಾಗ ಇಟ್ಟಿದ್ದೆ. ಅಕ್ಷರಕ್ಕೊಂದೇ ಬೈಟ್ ಹಿಡಿಯುವ ಇಂಗ್ಲಿಷಿನಲ್ಲಿ ಅದು ಧಾರಾಳವಾಗಿತ್ತು. ನೆಂಟರ ಹೆಸರು ಕನ್ನಡದಲ್ಲೇ ಇರಬೇಕು ಎಂದು ಅಪ್ಪ ಪಟ್ಟು ಹಿಡಿದ. ಮಿಡಿಗೇಶಿ ನಮಗೆ ನಾಲ್ಕಕ್ಷರ, ಕಂಪ್ಯೂಟರಿಗೆ ಇಪ್ಪತ್ತನಾಲ್ಕು ಬೈಟ್. ಆಗ ನನಗದು ಗೊತ್ತಿರಲಿಲ್ಲ. ಮಿಡಿಗೇಶಿಯ ದೊಡ್ಡಪ್ಪನ ಹೆಸರಿಗೆ ಊರು ಸೇರಿದಾಗ ಕೊನೆಯ ‘ಶಿ’ ಪಕ್ಕದ ಹೆಸರಿನ ಜಾಗಕ್ಕೆ ನುಗ್ಗಿ, ಅಲ್ಲಿದ್ದವರ ಹೆಸರನ್ನು ಅಳಿಸಿತು; ಅವರ ಊರು ಆ ‘ಶಿ’ಯ ಬಾಲಕ್ಕೆ ಅಂಟಿತು. ಇನ್ನೂ ಕೆಲವು ಚೀಟಿಗಳಿಗೆ ಹೀಗೇ ಆಯಿತು. ತಪ್ಪು ಹುಡುಕಲು ಪುರಸೊತ್ತಿರಲಿಲ್ಲ. ಹಾಳಾದವನ್ನು ಅಮ್ಮ ಒಲೆಗೆ ಹಾಕಿದಳು. ಅವುಗಳ ಬದಲಿಗೆ ಅಪ್ಪ ಪಟ್ಟಿ ನೋಡಿ ಕೈಯಲ್ಲೇ ಬರೆದ. ನಾಲ್ಕು ಬರೆದ.

ಪಾವಗಡ, ತಿರುಮಣಿ ಕಡೆ ಪತ್ರಿಕೆ ಹಂಚಲು ಹೋದ ಚಿಕ್ಕಪ್ಪ, ಅಮ್ಮನ ತಂಗಿಯ ಗಂಡ, ಚೀಟಿ ಇದ್ದ ಮನೆಗಳಿಗಷ್ಟೇ ಹೋಗಿಬಂದ.

ನಮ್ಮಲ್ಲಿ ಮದುಮಗಳಿಗೆ ಮೊದಲ ಅರಿಶಿನ ಹಚ್ಚುವುದು ಸೋದರತ್ತೆ. ಅಪ್ಪನ ಒಬ್ಬಳೇ ತಂಗಿ, ತಿರುಮಣಿಯ ಅತ್ತೆ, ಬರಲಿಲ್ಲ. ಅಜ್ಜಿ ತೀರಿದ ಮೇಲೆ ಅವರಿಬ್ಬರಿಗೂ ಮಾತು ಕಡಿಮೆ. ಅವಳೆಲ್ಲಿ ಎಂದು ಕೇಳಿದವರಿಗೆಲ್ಲ ಅಪ್ಪ ಒಂದೇ ಉತ್ತರ ಕೊಟ್ಟ: “ನನ್ ಮಗಳ ಕಂಪ್ಯೂಟ್ರು ಅವಳ ಹೆಸ್ರ ತಿಂದ್ಬುಡ್ತು.” ಎಲ್ಲರೂ ನಕ್ಕರು. ತಪ್ಪನ್ನು ನಾನೂ ಒಪ್ಪಿಕೊಂಡೆ.

ತಿಂಗಳ ಮೇಲೆ ಲಾಡು, ಅರಿಶಿನ ಕುಂಕುಮ ಹಿಡಿದು ತಿರುಮಣಿಗೆ ಹೋದೆ. ಅಷ್ಟರಲ್ಲಿ ಪ್ರೋಗ್ರಾಮಿನ ತಪ್ಪು ಸಿಕ್ಕಿತ್ತು. ಸೋಲಾರ್ ಫಲಕಗಳು ಕಾಣುವ ಜಗಲಿಯಲ್ಲಿ ಕೂತು, ದೊಡ್ಡಪ್ಪನ ಊರು ಹೇಗೆ ಅವಳ ಜಾಗಕ್ಕೆ ನುಗ್ಗಿತು ಎಂದು ವಿವರಿಸಿದೆ. ಅತ್ತೆ ಅವರೆಕಾಯಿ ಬಿಡಿಸುತ್ತಲೇ ಕೇಳಿದಳು.

“ನಮ್ ದೊಡ್ಡಣ್ಣ ಮೊದ್ಲಿಂದ್ಲೂ ಅಂಗೇ ಕಣಮ್ಮ. ಮಲ್ಗಿದ್ರೂ ಪಕ್ಕದೋರ ಚಾಪೆ ಮ್ಯಾಲೆ ಕಾಲಾಕೋನು.”

ನಾನು ನಕ್ಕೆ. ಅವಳು ನಗಲಿಲ್ಲ.

“ಮಿಷನ್ನು ಅಳಿಸ್ತು, ಸರಿ. ನಿಮ್ಮಪ್ಪ ಬರ್ದಿದ್ನಾ, ಮೊದ್ಲು?”

ಬರೆದಿದ್ದ ಎಂದೆ. ‘ಶಿ ತಿರುಮಣಿ’ ಎಂದಿದ್ದ ಚೀಟಿಯನ್ನು ಕಣ್ಣಾರೆ ಕಂಡಿದ್ದೇನೆ ಎಂದೂ ಸೇರಿಸಿದೆ. ಅತ್ತೆ ಮುಖ ಎತ್ತಿ, ಕಾಫಿ ಕುಡಿದು ಹೋಗು ಎಂದಳು.

ಬಸ್ಸು ಮಿಡಿಗೇಶಿ ದಾಟುವ ಮೊದಲೇ ಕಸಿವಿಸಿ ಶುರುವಾಯಿತು. ಅಷ್ಟೊಂದು ಹೆಸರುಗಳ ನಡುವೆ ಅವಳದನ್ನು ಟೈಪ್ ಮಾಡಿದ ನೆನಪಿಲ್ಲ. ಆ ಚೀಟಿಯನ್ನು ನಿಜಕ್ಕೂ ನೋಡಿದ್ದೆನೇ? ಅಥವಾ ತಪ್ಪು ತಿಳಿದ ಮೇಲೆ, ಹೀಗಿದ್ದಿರಬೇಕು ಎಂದು ಮನಸ್ಸೇ ಜೋಡಿಸಿಕೊಂಡಿತೇ? ಈಗಲೂ ಕಣ್ಣು ಮುಚ್ಚಿದರೆ ಅದು ಕಾಣುತ್ತದೆ, ಅಂಚಿನ ಕತ್ತರಿ ಗುರುತಿನ ಸಮೇತ. ಅಷ್ಟು ಸ್ಪಷ್ಟವಾಗಿ ಕಾಣುವುದರಿಂದಲೇ ಅನುಮಾನ. ಲ್ಯಾಬಿನ ಕಂಪ್ಯೂಟರುಗಳಲ್ಲಿದ್ದುದನ್ನೆಲ್ಲ ವರ್ಷದ ಕೊನೆಗೆ ಅಳಿಸಿದರು. ಅಪ್ಪನ ನೋಟ್‌ಬುಕ್ಕಿನಲ್ಲಿ ಪಟ್ಟಿಯ ಆ ಹಾಳೆ ಇಲ್ಲ.

ಹೋದ ಭಾನುವಾರ ಬೈಕ್ ತೊಳೆಯುತ್ತಿದ್ದ ಅಪ್ಪನನ್ನು ಕೇಳಿಯೇಬಿಟ್ಟೆ. ಅವನು ಪೈಪನ್ನು ಮುಂದಿನ ಚಕ್ರಕ್ಕೆ ತಿರುಗಿಸಿದ. ಆಗಲೇ ತೊಳೆದಾಗಿದ್ದ ಚಕ್ರ. ನಾನು ಕೇಳಿದ್ದು ಇಷ್ಟೇ: “ಅಪ್ಪಾ, ಪಟ್ಟೀಲಿ ಅತ್ತೆ ಹೆಸ್ರು ಬರ್ದಿದ್ದಾ ನೀನು?”