ಮಗ್ಗದ ಮನೆಯ ದನಿ

ಕೊಳ್ಳೇಗಾಲದ ನಮ್ಮ ಮನೆಯಲ್ಲಿ ಎರಡು ಮಗ್ಗ. ಆ ಸದ್ದಿನಲ್ಲಿ ನಾನೂ ನನ್ನ ಗಂಡನೂ ಮದುವೆಯಾದಾಗಿನಿಂದ ಕೂಗಿಯೇ ಮಾತಾಡಿದವರು. ಹೋದ ವರ್ಷ ಕಾರವಾರದ ಕಡೆಗೆ ಹೋಗಿ, ಹಾಯಿದೋಣಿ ಹತ್ತಿ, ಅಲ್ಲಲ್ಲಿ ದಡಕ್ಕೆ ಇಳಿಯುತ್ತಾ ಕರಾವಳಿಯುದ್ದಕ್ಕೂ ಸಾಗಿದೆವು. ಎಂಜಿನ್ ಇಲ್ಲದ ಆ ದೋಣಿಯಲ್ಲೂ ನಾನು "ನೀರು ಬೇಕಾ?" ಎಂದು ಕಿರುಚಿದೆ. "ಬ್ಯಾಡ ಕಣಮ್ಮಿ!" ಎಂದು ಅವರೂ ಅಷ್ಟೇ ಜೋರಾಗಿ ಕೂಗಿದರು. ಜಗಳವೆಂದುಕೊಂಡ ದೋಣಿಯವನು "ಸಮಾಧಾನ, ಅಮ್ಮ" ಎಂದ. ನನಗೆ ಮೈಯೆಲ್ಲಾ ಉರಿಯಿತು. ಗಂಡ ಹೆಂಡತಿ ಮಾತಾಡುವುದೂ ತಪ್ಪೇ?

ಸಂಜೆ ಒಂದು ಮರಳಿನ ದಂಡೆಯಲ್ಲಿ ಇಳಿದು ಕೂತಾಗ ಅವರು ನನ್ನ ಕಿವಿಯ ಹತ್ತಿರ ಬಾಗಿ, "ಸುಸ್ತಾಯ್ತಾ ಅಮ್ಮಿ?" ಎಂದು ಮೆಲ್ಲಗೆ ಕೇಳಿದರು. ಅವರಿಗೆ ಅಷ್ಟು ಮೆತ್ತಗಿನ ದನಿಯಿದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಚೆನ್ನಾಗಿಯೇ ಕೇಳಿಸಿತ್ತು. ಆದರೂ "ಏನಂದ್ರಿ?" ಅಂದೆ.