ಗಂಗತ್ತೆಯ ಪಾಲಿನ ವೇಗ

ಬೆಟಗೇರಿಯ ನಮ್ಮ ಮನೆಯಲ್ಲಿ ಇಂಟರ್ನೆಟ್ಟಿನ ರೂಟರ್ ಇರುವುದು ಮಗ್ಗದ ಕೋಣೆಯ ಗೂಡಿನಲ್ಲಿ. ನೂಲಿನ ಧೂಳು ಕೂಡದಂತೆ ಅವ್ವ ದಿನವೂ ಅದನ್ನು ಸೆರಗಿನಿಂದ ಒರೆಸುತ್ತಾಳೆ. ಆ ಪುಟ್ಟ ಪೆಟ್ಟಿಗೆಯಿಂದಲೇ ಮನೆಮಂದಿಗೆಲ್ಲ ಜಗತ್ತು ಹಂಚಿಕೆಯಾಗುತ್ತದೆ ಎನ್ನಬಹುದು. ಆದರೆ ಹಂಚಿಕೆ ಎಂಬುದು ಔದಾರ್ಯದ ಮಾತು, ಸಂಜೆಯಾಯಿತೆಂದರೆ ಅಲ್ಲಿ ನಡೆಯುತ್ತಿದ್ದದ್ದು ಕಿತ್ತಾಟ. ಶಿರಹಟ್ಟಿಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮುಗಿಸಿ ನಾನು ಬಸ್ಸಿಳಿದು ಬರುವಷ್ಟರಲ್ಲಿ ಕಾಕಾ ಟೀವಿಗೆ ಕ್ರಿಕೆಟ್ ಹಚ್ಚಿರುತ್ತಿದ್ದರು, ಉಳಿದವರ ಪಾಲಿಗೆ ತಿರುಗುವ ಬಿಳಿ ಚಕ್ರವೊಂದೇ ಉಳಿದಿರುತ್ತಿತ್ತು.

ಅದರಿಂದ ಹೆಚ್ಚು ಬಾಧೆಪಟ್ಟವಳು ನನ್ನ ಸೋದರತ್ತೆ ಗಂಗತ್ತೆ. ಅವಳಿಗೆ ಹುಟ್ಟಿನಿಂದ ಕಿವಿ ಕೇಳದು, ಬಾಯಿಂದ ಮಾತೂ ಬಾರದು. ಸೀರೆ ನೇಯುವ ಕೈಗಳೇ ಅವಳ ಮಾತಿನ ಕೈಗಳೂ. ನಡುವಯಸ್ಸಿನಲ್ಲಿ ಅವಳಿಗೆ ಮುಂಡರಗಿಯಿಂದ ಒಂದು ಸಂಬಂಧ ಬಂದಿತ್ತು. ಆತ ದರ್ಜಿ, ಅವಳಂತೆಯೇ ಕಿವಿ ಕೇಳದವನು. ದಿನವೂ ಸಂಜೆ ಇಬ್ಬರೂ ವಿಡಿಯೋ ಕರೆಯಲ್ಲಿ ಕೈಸನ್ನೆಯಿಂದ ಮಾತಾಡಿ ಪರಸ್ಪರ ಅರಿಯುತ್ತಿದ್ದರು. ನೀವೂ ನಾನೂ ಮಾತಾಡುವಾಗ ಚಿತ್ರ ನಿಂತರೆ ದನಿಯಾದರೂ ಉಳಿದೀತು. ಅವರಿಗೆ ಚಿತ್ರವೇ ದನಿ.

ಒಂದು ಸಂಜೆ ಅತ್ತೆ ಬಹಳ ಯೋಚಿಸಿ ಆತನನ್ನು ಕೇಳಿದಳು: ಮದುವೆಯಾದ ಮೇಲೆ ನನ್ನ ಮಗ್ಗವನ್ನು ಮುಂಡರಗಿಗೆ ತರಬಹುದೇ? ಆತ ತಲೆಯಾಡಿಸಿ ಕೈ ಎತ್ತಿದ್ದೇ ತಡ, ಚಿತ್ರ ಹಾಗೆಯೇ ನಿಂತುಬಿಟ್ಟಿತು.

ಹಿಂದೆ ನಿಂತು ನೋಡುತ್ತಿದ್ದ ಕಾಕಾ, "ಗೋಣು ಹಾಕಿದ ನೋಡು, ಒಪ್ಪ್ಯಾನ. ಇನ್ನ ತಡಾ ಯಾಕ, ನಿಶ್ಚಯ ಮಾಡೂಣು" ಎಂದರು.

ತಿರುಗಿ ಅವರ ತುಟಿ ನೋಡಿದ ಅತ್ತೆ ಒಪ್ಪಲಿಲ್ಲ. ಫೋನನ್ನು ನನ್ನ ಮುಂದೆ ಹಿಡಿದು, ಇದನ್ನು ಸರಿಮಾಡು ಎಂದು ಸನ್ನೆ ಮಾಡಿದಳು.

ಮರುದಿನ ನಾನು ರೂಟರಿನ ಒಳಗಿನ ವ್ಯವಸ್ಥೆಗೆ ಹೋಗಿ ಮನೆಯ ಒಬ್ಬೊಬ್ಬರ ಹೆಸರಿನಲ್ಲೂ ಒಂದೊಂದು ಪ್ರೊಫೈಲ್ ಮಾಡಿ, ಅವರವರ ಫೋನು, ಟೀವಿಗಳನ್ನು ಅದಕ್ಕೆ ಸೇರಿಸಿ, ಎಲ್ಲರಿಗೂ ಸಮವೇಗ ಕೊಟ್ಟೆ. ಆದರೂ ಅತ್ತೆಯ ಚಿತ್ರ ತಡವರಿಸಿತು. ನಾವೆಲ್ಲ ಹೊರಗಿನಿಂದ ತರಿಸಿಕೊಂಡು ನೋಡುವವರು. ಅವಳು ನೋಡುವಷ್ಟೇ ತನ್ನ ಕೈಸನ್ನೆಯ ಚಿತ್ರವನ್ನೂ ಕಳಿಸಬೇಕಾದವಳು. ಸಮಪಾಲು ನ್ಯಾಯವೆಂದು ನಂಬಿದ್ದ ನನಗೆ, ಯಾರ ಅಗತ್ಯ ಏನೆಂದು ಕೇಳದೆ ಅಳೆದ ಸಮಪಾಲು ಬರೀ ಸೋಮಾರಿತನವೆಂದು ಆಗ ತೋಚಿತು. ಸಂಜೆಯ ಹೊತ್ತು ಟೀವಿಯ ವೇಗಕ್ಕೆ ಮಿತಿ ಹಾಕಿ, ಅತ್ತೆಯ ಹೆಸರಿಗೆ ಹೋಗುವ ದಾರಿಯಲ್ಲೂ ಬರುವ ದಾರಿಯಲ್ಲೂ ಯಾರೂ ಮುಟ್ಟಲಾಗದ ಒಂದು ಪಾಲು ಕಾದಿರಿಸಿದೆ.

"ಮಾತ ಬರಲಾರದಾಕಿಗೆ ಅಷ್ಟ್ಯಾಕೋ?" ಎಂದರು ಕಾಕಾ.

"ಮಾತ ಬರತೈತ್ರಿ ಕಾಕಾ. ಬೆರಳು ಕಾಣಬೇಕಷ್ಟ."

ಆ ಸಂಜೆ ಬೆರಳುಗಳು ಕಂಡವು. ಅತ್ತೆ ಅದೇ ಪ್ರಶ್ನೆ ಕೇಳಿದಳು. ಆತ ಮತ್ತೆ ತಲೆಯಾಡಿಸಿದ; ನಿನ್ನ ಮಾತು ತಿಳಿಯಿತು ಎಂಬುದಷ್ಟೇ ಅದರ ಅರ್ಥವಾಗಿತ್ತು. ಮಗ್ಗವನ್ನು ಮಾರಿಬಿಡು, ಅಂಗಡಿಯಲ್ಲಿ ನನ್ನ ಜೊತೆ ಕುಳಿತು ಗುಂಡಿ ಹಚ್ಚು ಎಂಬುದು ಅನಂತರ ಬಂದ ಉತ್ತರ. ಆತ ಕೆಟ್ಟವನೇನಲ್ಲ, ತನಗೆ ಅನುಕೂಲವಾದದ್ದನ್ನು ಹೇಳಿದ. ಇಬ್ಬರೂ ಬಹಳ ಹೊತ್ತು ಮಾತಾಡಿದರು. ಕೊನೆಗೆ ಅತ್ತೆ ಒಲ್ಲೆನೆಂದು ಕೈ ಮುಗಿದಳು. ಆತನೂ ಮುಗಿದ.

ಮರುದಿನ ಕಾಕಾ ನನ್ನ ಹತ್ತಿರ ಬಂದು, "ಮದಿವಿ ಅಂತೂ ಮುರೀತು. ಇನ್ನ ಆಕಿ ಪಾಲು ಟೀವಿಗೆ ಹಚ್ಚು" ಎಂದರು. ತುಟಿಯ ಚಲನೆಯಲ್ಲೇ ಮಾತು ಹಿಡಿಯುವ ಅತ್ತೆ ಮಗ್ಗದಿಂದೆದ್ದು ಬಂದು ಸರಸರನೆ ಸನ್ನೆ ಮಾಡಿದಳು. ಅವ್ವ ಅದಕ್ಕೆ ದನಿ ಕೊಟ್ಟಳು: "ಆ ಪಾಲು ಮದಿವಿ ಸಲುವಾಗಿ ಇಸಗೊಂಡಿದ್ದಲ್ಲಂತ. ಮಾತಾಡಾಕ ಇಸಗೊಂಡಿದ್ದಂತ."

ಕಾಕಾ "ಆತು ಬಿಡು" ಎಂದು ಒಳಗೆ ಹೋದರು. ಅತ್ತೆ ಕಿವುಡರ ಶಾಲೆಯಲ್ಲಿ ಜೊತೆಗೆ ಓದಿದ ಲಕ್ಷ್ಮೇಶ್ವರದ ಗೆಳತಿಗೆ ವಿಡಿಯೋ ಕರೆ ಹಚ್ಚಿ, ಫೋನನ್ನು ಗೋಡೆಗೆ ಒರಗಿಸಿ, ಎರಡೂ ಕೈ ಬಿಡುವು ಮಾಡಿಕೊಂಡು ಕುಳಿತಳು.