ಉಪ್ಪುಮಜ್ಜಿಗೆ ಇಳಿಯದ ದಿನ

ನಿಟ್ಟೂರಿನ ಶಾಲೆಯಲ್ಲಿ ಹದಿನೆಂಟು ವರ್ಷ ಬಿಸಿಯೂಟ ಬೇಯಿಸಿದ ಶಾಂತಮ್ಮ, ಪಾತ್ರೆಯ ಸದ್ದು ಕೇಳಿಯೇ ಅನ್ನ ಬೆಂದಿತೋ ಇಲ್ಲವೋ ಹೇಳುವವಳು. ಗಂಡ ತೀರಿಹೋದ ಮೇಲೆ ಮಗ ದಿನೇಶನನ್ನು ಒಬ್ಬಳೇ ಸಾಕಿದಳು. ಇಪ್ಪತ್ನಾಲ್ಕರ ಹುಡುಗ, ಪಿಕಪ್ ಓಡಿಸುತ್ತಿದ್ದ.

ಒಂದು ದಿನ ಅವನ ಅಂಗಿ ಒಗೆಯುವಾಗ ಜೇಬಿನಲ್ಲಿ ಪೊಟ್ಟಣ ಸಿಕ್ಕಿತು. ಒಣಸೊಪ್ಪು, ಮೂಗಿಗೆ ಹೊಡೆಯುವ ವಾಸನೆ.

"ಎಂತದಾ ಇದು?"

"ಗಾಂಜಾ. ನೀನು ಎಲೆಅಡಿಕೆ ಕವಳ ಹಾಕಲ್ವಾ, ಹಂಗೇ. ಸೊಪ್ಪಿಂದ ಯಾರಮ್ಮ ಸತ್ತಿದಾರೆ?"

"ನಿಮ್ಮಪ್ಪ ಇದ್ದಿದ್ರೆ ಸೌದೆ ತಗಂಡು ಬಾರಿಸ್ತಿದ್ರು."

"ಅಪ್ಪನೂ ಇಲ್ಲ, ಸೌದೆನೂ ಇಲ್ಲ. ಈಗೆಲ್ಲ ಗ್ಯಾಸಲ್ವಾ!" ಎಂದು ನಕ್ಕ.

ಆಮೇಲೆ ಎರಡು ಸಲ ಅವನು ಅದನ್ನು ಸೇದಿ ಬಂದು ಬೆವೆತು, ಎದೆ ಹಿಡಿದು ಜಗಲಿಯಲ್ಲಿ ಕುಸಿದಿದ್ದ. ಎದೆ ಮುಟ್ಟಿದರೆ ಒನಕೆ ಕುಟ್ಟಿದ ಹಾಗೆ. ಪಕ್ಕದ ಮನೆಯ ಬೆಳ್ಳಪ್ಪ ಇಣುಕಿದಾಗ ಶಾಂತಮ್ಮ ಮಾನಕ್ಕೆ ಅಂಜಿ, "ಅಡಿಕೆ ಸೊಕ್ಕಿದೆ" ಅಂದುಬಿಟ್ಟಳು. ಕವಳ ಹಾಕುವ ಊರಲ್ಲಿ ಅದೇನು ಹೊಸತಲ್ಲ. ಕೆಲವು ಅಡಿಕೆ ತಲೆ ತಿರುಗಿಸುತ್ತವೆ. ಉಪ್ಪುಮಜ್ಜಿಗೆ ಕುಡಿದು ತುಸು ಕೂತರೆ ಇಳಿಯುತ್ತದೆ. ಎರಡು ಸಲವೂ ಮಜ್ಜಿಗೆ ಕೊಟ್ಟಳು, ಎರಡು ಸಲವೂ ಇಳಿಯಿತು. ಊರಿಗೆ ಹೇಳಿದ ಸುಳ್ಳನ್ನು ಕೊನೆಗೆ ತಾನೇ ನಂಬಿದಳು.

ಮೂರನೆಯ ಸಲ ಭಾನುವಾರ ಬೆಳಿಗ್ಗೆ. ಮನೆ ಹಿಂದೆ ಸೇದಿ ಬಂದವನು ತಟ್ಟೆಯ ದೋಸೆ ಮುರಿಯಲಾರದೆ ಕೂತ. ಬಲಗೈ ಏಳಲಿಲ್ಲ. ಶಾಂತಮ್ಮ ಓಡಿ ಮಜ್ಜಿಗೆ ತಂದು ಬಾಯಿಗೆ ಹಿಡಿದಳು. ಬಲತುಟಿಯ ಕೊನೆಯಿಂದ ಅದು ಹಾಗೇ ಸುರಿಯಿತು. ಇನ್ನಷ್ಟು ಹಿಡಿದಳು, ಕಾದಳು. "ಅಮ್ಮಾ" ಅನ್ನಹೋದವನ ಬಾಯಿಂದ ಏನೋ ತೊದಲು ಬಂತು. ಅವಳು ಲೋಟ ಬಿಟ್ಟು ಪಕ್ಕದ ಮನೆಗೆ ಓಡಿದಳು.

ಬೆಳ್ಳಪ್ಪ ಕಾರು ತೆಗೆದ. "ಮತ್ತೆ ಸೊಕ್ಕಿತಾ ಶಾಂತಕ್ಕಾ?" ಅವಳು ಮಗನನ್ನು ಹಿಂದಿನ ಸೀಟಿಗೆ ಎಳೆದುಕೊಂಡಳು. ಶಿವಮೊಗ್ಗದವರೆಗೂ ಮಗನ ಎದೆಯ ಮೇಲಿಂದ ಕೈ ತೆಗೆಯಲಿಲ್ಲ. ಬಡಿತ ಓಡುತ್ತಿತ್ತು, ತಪ್ಪುತ್ತಿತ್ತು, ಮತ್ತೆ ಓಡುತ್ತಿತ್ತು.

ಆಸ್ಪತ್ರೆಯ ಡಾಕ್ಟರಮ್ಮ ಕೇಳಿದರು: "ಇಷ್ಟು ಸಣ್ಣ ವಯಸ್ಸಿಗೆ ಲಕ್ವ? ಏನಾದ್ರೂ ಚಟ ಇದೆಯಾ?"

"ಚಿನ್ನದಂಥ ಹುಡುಗ ಮೇಡಂ," ಎಂದ ಬೆಳ್ಳಪ್ಪ. "ಅಡಿಕೆ ಸೊಕ್ಕಿದ್ದಷ್ಟೇ."

ತನ್ನದೇ ಸುಳ್ಳು ಅವನ ಬಾಯಲ್ಲಿ ಕೇಳಿದ್ದೇ ಶಾಂತಮ್ಮ ಮುಂದೆ ಬಂದಳು.

"ಸುಳ್ಳು! ಗಾಂಜಾ ಸೇದ್ತಾನೆ. ಎಂಟು ಗಂಟೆಗೆ ಕೈ ಬಿತ್ತು. ಮಜ್ಜಿಗೆ ಕುಡಿಸ್ತಾ ಅರ್ಧ ಗಂಟೆ ನಾನೇ ಹಾಳು ಮಾಡಿದೆ."

ಡಾಕ್ಟರಮ್ಮ ಗಡಿಯಾರ ನೋಡಿದರು. "ಸದ್ಯ, ಹೇಳಿದ್ರಲ್ಲ. ಸ್ಕ್ಯಾನ್ ಆದ ತಕ್ಷಣ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡಬಹುದು, ಇನ್ನೂ ಹೊತ್ತು ಮೀರಿಲ್ಲ. ಗಾಂಜಾ ಎದೆಬಡಿತ ಕೆಡಿಸಬಹುದು, ಮಿದುಳಿನ ರಕ್ತನಾಳ ಕಟ್ಟಿಕೊಳ್ಳೋ ಹಾಗೆ ಮಾಡಬಹುದು. ಅದು ವಯಸ್ಸು ನೋಡಲ್ಲಮ್ಮ."

ದಿನೇಶ ಉಳಿದ. ಮಾತು ಮರಳಿತು, ಬಲಗೈ ಅರ್ಧ ಮಾತ್ರ. ಪಿಕಪ್ ಅಂಗಳದಲ್ಲೇ ನಿಂತಿದೆ. ಯಾರು ಕೇಳಿದರೂ ಶಾಂತಮ್ಮ ಈಗ ಗಾಂಜಾ ಎಂದೇ ಹೇಳುತ್ತಾಳೆ.

ದಿನವೂ ಊಟವಾದ ಮೇಲೆ ಮಗನಿಗೆ ಮಜ್ಜಿಗೆ ಕೊಟ್ಟು ಎದುರಿಗೇ ನಿಲ್ಲುತ್ತಾಳೆ.

"ಎಂತ ಹಂಗೆ ನೋಡ್ತೀಯಾ?"

"ಕುಡಿ ಮೊದ್ಲು," ಎನ್ನುತ್ತಾಳೆ. ಲೋಟ ಬರಿದಾಗುವವರೆಗೂ ಅವಳ ಕಣ್ಣು ಅವನ ಬಲತುಟಿಯ ಕೊನೆಯಲ್ಲೇ ಇರುತ್ತದೆ.